ತಮಟೆ ಹೊಡೆದವನಿಗೆ ಸಭೆಯಲ್ಲಿ ಜಾಗ ಎಲ್ಲಿ?

ಈ ಸಂಚಿಕೆ ತರುತ್ತಿರುವ ಹುಡುಗರಲ್ಲಿ ಒಬ್ಬನ ತಾತ ಅಜ್ಜಂಪುರ ಸೀಮೆಯ ಒಂದು ಹಳ್ಳಿಯಲ್ಲಿ ಡಂಗುರ ಸಾರುತ್ತಿದ್ದವರು. ಸಂಜೆ ಹೊತ್ತಿಗೆ ಊರೊಳಗಿಂದ ಕರೆ ಬರುತ್ತಿತ್ತು. ತಾತ ಒಂದು ಹಿಡಿ ಹುಲ್ಲು ಉರಿಸಿ ತಮಟೆ ಕಾಯಿಸಿಕೊಳ್ಳುತ್ತಿದ್ದರು. ಆಮೇಲೆ ಬೀದಿ ಬೀದಿಯ ಮೂಲೆಯಲ್ಲಿ ನಿಂತು ನಾಲ್ಕು ಪೆಟ್ಟು ಹಾಕಿ ಕೂಗುತ್ತಿದ್ದರು:

"ಕೇಳ್ರಪ್ಪೋ ಕೇಳ್ರಿ... ನಾಳೆ ಬೆಳಿಗ್ಗೆ ಚಾವಡಿ ತಾವ ಸಾಹೇಬ್ರು ಬರ್ತಾರಂತೆ... ಕಂದಾಯ ಬಾಕಿ ಇರೋರೆಲ್ಲಾ ಬಂದು ಕಟ್ಬೇಕಂತೆ... ದನಕರುಗೆ ಸೂಜಿ ಹಾಕಿಸ್ಬೇಕಂತೆ..."

ಬರ್ತಾರಂತೆ. ಕಟ್ಬೇಕಂತೆ. ಹಾಕಿಸ್ಬೇಕಂತೆ. ತಾತ ತಮ್ಮ ಆಯುಷ್ಯವೆಲ್ಲಾ ಊರಿಗೇ ಕೇಳುವ ಹಾಗೆ ಮಾತಾಡಿದರು. ಅದರಲ್ಲಿ ಒಂದು ಮಾತೂ ಅವರದಾಗಿರಲಿಲ್ಲ. ಎಲ್ಲವೂ ‘ಅಂತೆ’. ಮಾರನೆ ದಿನ ಚಾವಡಿಯಲ್ಲಿ ಸಭೆ ಕೂತರೆ, ಊರನ್ನೆಲ್ಲಾ ಕರೆದ ತಾತ ಮಾತ್ರ ಕೆಳಗೆ, ಚಪ್ಪಲಿ ಬಿಟ್ಟ ಜಾಗದ ಪಕ್ಕ ನಿಂತಿರುತ್ತಿದ್ದರು. ಕರೆದವರು ಅವರು. ಯಾರೂ ಕರೆಯದವರೂ ಅವರೇ.

ತಾತ ಈಗಿಲ್ಲ. ತಮಟೆ ಅಟ್ಟದ ಮೇಲಿದೆ. ಆದರೆ ಪಂಚಾಯ್ತಿಗೂ ಕೇರಿಗೂ ನಡುವೆ ಮಾತು ಹೇಗೆ ಓಡಾಡುತ್ತೆ ಅನ್ನುವ ಪ್ರಶ್ನೆ ಅಟ್ಟ ಹತ್ತಿಲ್ಲ. ಅದು ಇವತ್ತಿಗೂ ಬೀದಿಯಲ್ಲೇ ಇದೆ. ಈ ಸಲ ಅದರ ಬಗ್ಗೆಯೇ ಮಾತಾಡೋಣ.

ಹಳೇ ಮೈಸೂರಿನ ಊರಾಡಳಿತದಲ್ಲಿ ಶಾನುಭೋಗ ಬರೆಯುವವನು. ಪಟೇಲ ಆಳುವವನು. ತೋಟಿ, ತಳವಾರ, ಕುಳವಾಡಿ ಅಂತ ಹೆಸರಿಟ್ಟುಕೊಂಡ ನಮ್ಮವರು ಓಡುವವರು. ಕಾಗದ ಒಯ್ಯಬೇಕು, ಸುದ್ದಿ ಮುಟ್ಟಿಸಬೇಕು, ಸಾಹೇಬರ ಕುದುರೆ ಹಿಂದೆ ಓಡಬೇಕು, ಸತ್ತ ದನ ಎಳೆಯಬೇಕು, ತಮಟೆ ಹೊಡೆಯಬೇಕು. ಸರ್ಕಾರದ ಬಾಯಿ ನಾವೇ, ಸರ್ಕಾರದ ಕಾಲೂ ನಾವೇ. ಸರ್ಕಾರದ ಕಿವಿ ಮಾತ್ರ ನಮ್ಮ ಕಡೆ ಇರಲಿಲ್ಲ. 1961ರಲ್ಲಿ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆ ಬಂತು. 1963ರ ಫೆಬ್ರವರಿ 1ರಿಂದ ಜಾರಿಯಾಯಿತು. ಪಟೇಲಿಕೆ, ಶಾನುಭೋಗಿಕೆ ವಂಶಪಾರಂಪರ್ಯವಾಗಿ ಬರುವುದು ನಿಂತಿತು. ತೋಟಿ ತಳವಾರಿಕೆಯೂ ನಿಂತಿತು. ಕಾಗದದಲ್ಲಿ ಹುದ್ದೆ ಹೋಯಿತು, ಬೀದಿಯಲ್ಲಿ ಚಾಕರಿ ಉಳಿಯಿತು. ತಾತನಿಗೆ ಡಂಗುರ ಸಾರು ಅಂತ ಯಾವ ಕಾಯಿದೆಯೂ ಹೇಳಿರಲಿಲ್ಲ. ಊರು ಹೇಳುತ್ತಿತ್ತು. ಅಷ್ಟೇ ಸಾಕಾಗಿತ್ತು.

ಈಗ ಕಾಲ ಬದಲಾಗಿದೆ ಅನ್ನುತ್ತಾರೆ. ಬದಲಾಗಿದ್ದೇನು, ನೋಡೋಣ.

ತಮಟೆ ಹೋಗಿ ಕಸದ ಆಟೋ ಮೇಲಿನ ಮೈಕು ಬಂದಿದೆ. ಎಷ್ಟೋ ಕಡೆ ಆ ಆಟೋದಲ್ಲಿ ಇರುವವರು ನಮ್ಮ ಅಣ್ಣಂದಿರು, ನಮ್ಮ ಅಕ್ಕಂದಿರು. ಹಸಿ ಕಸ ಒಣ ಕಸ ಬೇರೆ ಮಾಡ್ಬೇಕಂತೆ. ಮನೆ ಕಂದಾಯ ಕಟ್ಬೇಕಂತೆ. ನೀರಿನ ಬಾಕಿ ಕಟ್ಟದಿದ್ದರೆ ನಲ್ಲಿ ಕೀಳ್ತಾರಂತೆ. ದನಿ ಯಂತ್ರದ್ದು, ‘ಅಂತೆ’ ಅದೇ. ಇನ್ನು ವಾಟ್ಸಾಪ್ ಗುಂಪು. ಅದರಲ್ಲಿ ಅಧ್ಯಕ್ಷರು ಗಿಡ ನೆಟ್ಟ ಫೋಟೋ ಬರುತ್ತೆ, ಹಾರ ಹಾಕಿಸಿಕೊಂಡ ಫೋಟೋ ಬರುತ್ತೆ. "ನಮ್ಮ ಕೇರಿ ಮೋರಿ ತುಂಬಿ ಒಂದು ತಿಂಗಳಾಯ್ತು ಸಾರ್" ಅಂತ ಒಬ್ಬ ಹಾಕಿದರೆ, ಕೆಳಗೆ ಯಾರೋ ಒಂದು ಕೈಮುಗಿಯುವ ಬೊಂಬೆ ಒತ್ತುತ್ತಾರೆ. ಮೋರಿ ಹಾಗೇ ಇರುತ್ತೆ. ಇನ್ನು ನೋಟೀಸ್ ಬೋರ್ಡು. ಅದು ಕಚೇರಿ ಒಳಗಿನ ಗೋಡೆಗೆ ಇರುತ್ತೆ. ಕಚೇರಿಗೆ ಬೀಗ ಇರುತ್ತೆ. ಬೀಗ ತೆಗೆದಿರುವ ಹೊತ್ತಿಗೆ ನಮ್ಮವರು ಕೂಲಿಯಲ್ಲಿರುತ್ತಾರೆ. ಹೋಗಿ ನೋಡಿದರೂ ಅಲ್ಲಿ ಬರೆದದ್ದು ಕನ್ನಡವೋ ಮತ್ತೊಂದೋ ತಿಳಿಯುವುದಿಲ್ಲ. "ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಉಲ್ಲೇಖಿತ ಸುತ್ತೋಲೆಯನ್ವಯ" ಅಂತ ಶುರುವಾದರೆ ನಮ್ಮವ್ವ ಅಲ್ಲಿಂದಲೇ ತಿರುಗಿ ಬರುತ್ತಾಳೆ.

ಹೀಗಿರುವಾಗ ಸಭೆ ಹೇಗೆ ನಡೆಯುತ್ತೆ? ನಾವು ಕಣ್ಣಾರೆ ಕಂಡದ್ದನ್ನು ಬರೆಯುತ್ತೇವೆ. ಊರ ಹೆಸರು ಬೇಡ. ಓದಿದವರಿಗೆ ತಮ್ಮೂರೇ ಅನ್ನಿಸಿದರೆ ಅದು ನಮ್ಮ ತಪ್ಪಲ್ಲ.

ವಾರ್ಡ್ ಸಭೆ ಅಂತ ಹಿಂದಿನ ದಿನ ರಾತ್ರಿ ಸುದ್ದಿ ಬಂತು. ಹೊತ್ತು ಬೆಳಿಗ್ಗೆ ಹನ್ನೊಂದು ಗಂಟೆ. ಆ ಹೊತ್ತಿಗೆ ಕೇರಿಯಲ್ಲಿ ಇರುವವರು ಯಾರು? ಹಾಸಿಗೆ ಹಿಡಿದವರು, ಕೂಸು ಆಡಿಸುವವರು. ಈರುಳ್ಳಿ ಕೀಳುವವರು ಹೊಲದಲ್ಲಿ, ಅಡಿಕೆ ಸುಲಿಯುವವರು ಊರೊಳಗೆ, ಕಾಫಿ ತೋಟಕ್ಕೆ ಹೋಗುವವರು ಕೋಳಿ ಕೂಗುವ ಮುಂಚೆಯೇ ಗಾಡಿ ಹತ್ತಿರುತ್ತಾರೆ. ಸಭೆ ನಡೆದದ್ದು ದೇವಸ್ಥಾನದ ಮುಂದಿನ ಹಜಾರದಲ್ಲಿ. ಆರು ಜನ ಕೂತಿದ್ದರು, ಅರ್ಧ ಗಂಟೆಯಲ್ಲಿ ಎದ್ದರು. ಎರಡು ದಿನ ಬಿಟ್ಟು ಒಬ್ಬ ನೌಕರ ದಪ್ಪ ಪುಸ್ತಕ ಹಿಡಿದು ಸಂಜೆ ಕೇರಿಗೆ ಬಂದ. "ಅಮ್ಮಾ, ಇಲ್ಲೊಂದು ಸೈನ್ ಹಾಕಮ್ಮ, ನಿಮ್ಮ ಮನೆ ಲಿಸ್ಟಿಗೆ ಸೇರ್ಸೋಕೆ." ಅವ್ವ ಹೆಬ್ಬೆಟ್ಟು ಒತ್ತಿದಳು. ಪಕ್ಕದವಳು ಒತ್ತಿದಳು. ರಾತ್ರಿ ಊಟದ ಹೊತ್ತಿಗೆ ಸಭೆಗೆ ನಲವತ್ತು ಜನ ‘ಹಾಜರಾಗಿದ್ದರು’.

ಗೆಳೆಯರೆ, ಇಲ್ಲೊಂದು ಪ್ರಶ್ನೆ ಕೇಳಿಕೊಳ್ಳಬೇಕು. ನಮ್ಮನ್ನು ಕಂಡರೆ ದೂರ ಸರಿಯುವ ಪಂಚಾಯ್ತಿ, ನಮ್ಮ ಹೆಬ್ಬೆಟ್ಟಿಗಾಗಿ ಕೇರಿ ತನಕ ನಡೆದು ಬರುವುದು ಯಾಕೆ? ಪ್ರೀತಿಗಲ್ಲ. ಕಾನೂನಿನ ಭಯಕ್ಕೆ. ಆ ಕಾನೂನು ಏನು ಅಂತ ನಾವು ತಿಳಿಯಬೇಕು.

ಕರ್ನಾಟಕದಲ್ಲಿ 1983ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯ್ತಿಗಳ ಕಾಯಿದೆ ಬಂತು. ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಮಂತ್ರಿಯಾಗಿದ್ದ ಅಬ್ದುಲ್ ನಜೀರ್ ಸಾಬ್ ಅದರ ಹಿಂದೆ ನಿಂತವರು. ಊರೂರಿಗೆ ಬೋರ್‌ವೆಲ್ ಹಾಕಿಸಿ ‘ನೀರ್ ಸಾಬ್’ ಅನ್ನಿಸಿಕೊಂಡವರು. 1987ರಲ್ಲಿ ಚುನಾವಣೆ ಆಗಿ ಮಂಡಲಗಳು ಬಂದವು. ಮತದಾರರೆಲ್ಲಾ ಕೂತು ಪಂಚಾಯ್ತಿಯನ್ನು ಪ್ರಶ್ನೆ ಕೇಳುವ ಗ್ರಾಮ ಸಭೆಗೆ ಆ ಕಾಯಿದೆಯಲ್ಲೇ ಜಾಗ ಸಿಕ್ಕಿತ್ತು. ಆಮೇಲೆ ಸಂವಿಧಾನಕ್ಕೆ 73ನೇ ತಿದ್ದುಪಡಿ ಆಯಿತು, 1993ರಲ್ಲಿ ನಮ್ಮ ರಾಜ್ಯದ ಪಂಚಾಯತ್ ರಾಜ್ ಕಾಯಿದೆ ಬಂತು. ಮುಂದೆ ತಿದ್ದುಪಡಿಗಳಾಗಿ ಗ್ರಾಮ ಸಭೆಯ ಕೆಳಗೆ ವಾರ್ಡ್ ಸಭೆ ಬಂತು. ಆರು ತಿಂಗಳಿಗೆ ಒಂದು ಸಲವಾದರೂ ಸಭೆ ಕರೆಯಬೇಕು. ಇಂತಿಷ್ಟು ಜನ ಬಂದರೆ ಮಾತ್ರ ಅದು ಸಭೆ ಅನ್ನುವ ಕೋರಂ ಉಂಟು. ಬಂದವರಲ್ಲಿ ಹೆಂಗಸರು ನೂರಕ್ಕೆ ಮೂವತ್ತಕ್ಕಿಂತ ಕಡಿಮೆ ಇರಬಾರದು. ಪರಿಶಿಷ್ಟ ಜಾತಿ, ಪಂಗಡದವರು ಅಲ್ಲಿನ ಜನಸಂಖ್ಯೆಗೆ ತಕ್ಕ ಹಾಗೆ ಇರಬೇಕು. ಮನೆ ಯಾರಿಗೆ, ಸೈಟು ಯಾರಿಗೆ ಅನ್ನುವ ಫಲಾನುಭವಿಗಳ ಆಯ್ಕೆ ಆ ಸಭೆಯಲ್ಲೇ ಆಗಬೇಕು.

ಈಗ ತಿಳಿಯಿತೆ? ನಾವು ಹೋಗದಿದ್ದರೆ ಕಾನೂನಿನ ಲೆಕ್ಕದಲ್ಲಿ ಸಭೆಯೇ ಇಲ್ಲ. ಸಭೆ ಇಲ್ಲದಿದ್ದರೆ ಪಟ್ಟಿ ಇಲ್ಲ. ಪಟ್ಟಿ ಇಲ್ಲದಿದ್ದರೆ ದುಡ್ಡು ಇಲ್ಲ. ಆದ್ದರಿಂದ ನಮ್ಮ ಹೆಬ್ಬೆಟ್ಟು ಬೇಕು. ನಮ್ಮ ನಾಲಿಗೆ ಬೇಡ. ತಾತನ ಕಾಲದಲ್ಲಿ ನಮ್ಮ ನಾಲಿಗೆ ಬಾಡಿಗೆಗೆ ತಗೊಂಡರು, ಅದೂ ಬಿಟ್ಟಿ. ಈಗ ನಮ್ಮ ಹೆಬ್ಬೆರಳನ್ನು ಬಾಡಿಗೆಗೆ ತಗೊಳ್ಳುತ್ತಿದ್ದಾರೆ. ಇದೂ ಬಿಟ್ಟಿ.

ಸಭೆ ಎಲ್ಲಿ ನಡೆಯುತ್ತೆ ಅನ್ನುವುದು ಸಣ್ಣ ಮಾತು ಅಂತ ಕೆಲವರು ಅಂದುಕೊಳ್ಳುತ್ತಾರೆ. ಅದೇ ದೊಡ್ಡ ಮಾತು. ದೇವಸ್ಥಾನದ ಹಜಾರದಲ್ಲಿ ಸಭೆ ಕರೆದರೆ, ಬನ್ನಿ ಅಂತ ಬಾಯಿ ಹೇಳುತ್ತೆ, ಬರಬೇಡಿ ಅಂತ ಜಾಗ ಹೇಳುತ್ತೆ. ಇದು ಹಳೇ ಕಾಲದ ಕಥೆ ಅನ್ನುವವರಿಗೆ ನೆನಪು ಮಾಡುತ್ತೇವೆ. 2024ರ ಜನವರಿಯಲ್ಲಿ ನಮ್ಮ ಪಕ್ಕದ ತರೀಕೆರೆ ತಾಲ್ಲೂಕಿನ ಗೇರುಮರಡಿ ಗೊಲ್ಲರಹಟ್ಟಿಯಲ್ಲಿ, ಜೆಸಿಬಿ ಕೆಲಸಕ್ಕೆ ಬಂದ ನಮ್ಮ ಹುಡುಗನೊಬ್ಬ ಹಟ್ಟಿಯೊಳಗೆ ಕಾಲಿಟ್ಟ ಅಂತ ಹೊಡೆದರು. ಹಟ್ಟಿ ಮೈಲಿಗೆಯಾಯಿತಂತೆ. ದೇವಸ್ಥಾನಕ್ಕೆ ಬೀಗ ಹಾಕಿದರು. ಆಮೇಲೆ ನಮ್ಮ ಸಂಘಟನೆಗಳವರು ಗುಂಪಾಗಿ ಅದೇ ಹಟ್ಟಿಗೆ ನಡೆದು ಹೋದರು. ಕೂಲಿಗೆ ಬಂದವನ ಕಾಲು ನೆಲಕ್ಕೆ ತಾಗಿದ್ದನ್ನೇ ಸಹಿಸದವರು ಇರುವ ಸೀಮೆಯಲ್ಲಿ, ದೇವರ ಹಜಾರದಲ್ಲಿ ಸರಿಸಮ ಕೂತು ಲೆಕ್ಕ ಕೇಳು ಅಂದರೆ ನಮ್ಮವ್ವ ಹೋಗುತ್ತಾಳೆಯೆ? ಶಾಲೆ ಇದೆ, ಸಮುದಾಯ ಭವನ ಇದೆ, ಪಂಚಾಯ್ತಿಯ ಅರಿವು ಕೇಂದ್ರ ಇದೆ. ಎಲ್ಲರ ದುಡ್ಡಿನಲ್ಲಿ ಕಟ್ಟಿದ, ಎಲ್ಲರೂ ಹೆದರದೆ ಕಾಲಿಡುವ ಜಾಗದಲ್ಲಿ ಸಭೆ ಕರೆಯಲಿ.

ಇನ್ನು ಅಜ್ಜಂಪುರ ಊರಿನ ಮಾತು. 2017ರ ಬಜೆಟ್ಟಿನಲ್ಲಿ ಘೋಷಣೆಯಾದ 49 ಹೊಸ ತಾಲ್ಲೂಕುಗಳಲ್ಲಿ ನಮ್ಮದೂ ಒಂದು. ತರೀಕೆರೆಗೆ ಬಸ್ಸು ಹತ್ತುವುದು ತಪ್ಪಿತು ಅಂತ ಎಲ್ಲರಂತೆ ನಾವೂ ಸಂತೋಷಪಟ್ಟೆವು. ಗ್ರಾಮ ಪಂಚಾಯ್ತಿ ಇದ್ದ ಊರು ಪಟ್ಟಣ ಪಂಚಾಯ್ತಿ ಆಯಿತು. ಅದಕ್ಕೂ ಸಂತೋಷ. ಆದರೆ ಊರು ದೊಡ್ಡದಾದಾಗ ಕೈಯಿಂದ ಜಾರಿದ್ದೇನು ಅಂತ ಯಾರೂ ಹೇಳಲಿಲ್ಲ. ಹಳ್ಳಿಗೆ ಪಂಚಾಯತ್ ರಾಜ್ ಕಾಯಿದೆ, ಪಟ್ಟಣಕ್ಕೆ 1964ರ ಪುರಸಭೆಗಳ ಕಾಯಿದೆ. ಹಳ್ಳಿಯಲ್ಲಿ ಮತದಾರರೆಲ್ಲಾ ಕೂತು ಪ್ರಶ್ನೆ ಕೇಳುವ ಗ್ರಾಮ ಸಭೆ ಪುಸ್ತಕದಲ್ಲಾದರೂ ಇದೆ. ನಮ್ಮಂಥ ಸಣ್ಣ ಪಟ್ಟಣಗಳಲ್ಲಿ ಅಂಥ ಸಭೆ ರೂಢಿಯಲ್ಲೇ ಇಲ್ಲ. ಕೌನ್ಸಿಲರುಗಳು ಕೂರುತ್ತಾರೆ, ಮುಖ್ಯಾಧಿಕಾರಿ ಕೂರುತ್ತಾರೆ, ಠರಾವು ಆಗುತ್ತೆ. ಬೀದಿಯವರಿಗೆ ಗೊತ್ತಾಗುವುದು ಜೆಸಿಬಿ ಬಂದು ಬಾಗಿಲ ಮುಂದೆ ನಿಂತ ಮೇಲೆ. ಹಳ್ಳಿಯಿಂದ ಪಟ್ಟಣವಾದಾಗ ಮನೆ ಕಂದಾಯ ಮೇಲಕ್ಕೆ ಹೋಯಿತು, ಕೇಳುವ ಕಟ್ಟೆ ಮಾತ್ರ ಕೆಳಕ್ಕೆ ಹೋಯಿತು.

ಪಟ್ಟಣ ಪಂಚಾಯ್ತಿಗಳು ತಮ್ಮ ಹಣದಲ್ಲಿ ನೂರಕ್ಕೆ 24.10 ಪಾಲನ್ನು ಪರಿಶಿಷ್ಟ ಜಾತಿ, ಪಂಗಡದವರಿಗಾಗಿ ತೆಗೆದಿಡಬೇಕು. ಈ ಅಂಕಿ ಆಕಾಶದಿಂದ ಬಿದ್ದದ್ದಲ್ಲ. 2011ರ ಜನಗಣತಿಯಲ್ಲಿ ರಾಜ್ಯದಲ್ಲಿ ನಮ್ಮ ಎರಡೂ ಸಮುದಾಯಗಳ ಪಾಲು ಅಷ್ಟು. ಈ ದುಡ್ಡಿನಲ್ಲಿ ಓದುವ ಮಕ್ಕಳಿಗೆ ಸಹಾಯ ಕೊಡಬಹುದು, ಕೇರಿಗೆ ನೀರು, ಮೋರಿ, ದೀಪ ಮಾಡಬಹುದು. ಹಾಸ್ಟೆಲಿನಲ್ಲಿ ಓದುತ್ತಿರುವ ನಿಮ್ಮಲ್ಲಿ ಎಷ್ಟು ಜನಕ್ಕೆ ಈ 24.10 ಅನ್ನುವ ಅಂಕಿ ಗೊತ್ತಿತ್ತು? ಕೈ ಎತ್ತಿ. ಗೊತ್ತಿಲ್ಲದ್ದು ನಿಮ್ಮ ತಪ್ಪಲ್ಲ. ಗೊತ್ತು ಮಾಡಬೇಕಾದವರು ಗೊತ್ತು ಮಾಡಲಿಲ್ಲ. ಕಸದ ಆಟೋದ ಮೈಕಿನಲ್ಲಿ ಕಂದಾಯದ ಬಾಕಿ ಕೂಗುತ್ತೆ, 24.10 ಕೂಗುವುದಿಲ್ಲ.

ಮೇಲಿನ ಹಂತವೂ ಹಾಗೇ. ತಾಲ್ಲೂಕು, ಜಿಲ್ಲಾ ಪಂಚಾಯ್ತಿಗಳಿಗೆ 2016ರಲ್ಲಿ ಚುನಾವಣೆ ಆಯಿತು. 2021ರಲ್ಲಿ ಅವಧಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆ ಇಲ್ಲ, ಅಧಿಕಾರಿಗಳದೇ ಆಡಳಿತ. ನಮ್ಮ ತಾಲ್ಲೂಕು ಹುಟ್ಟಿದ್ದೇ ಆ ಚುನಾವಣೆ ಮುಗಿದ ಮೇಲೆ. ಆರಿಸಿದವರು ಇಲ್ಲದ ಕಡೆ ಕೇಳುವುದು ಯಾರನ್ನು?

ಪಂಚಾಯ್ತಿಯ ಕಾಗದಕ್ಕೂ ನಮ್ಮ ಬಾಳಿಗೂ ನಡುವಿನ ಈ ಕಂದಕ ಹೊಸದಲ್ಲ. ನೂರು ವರ್ಷದ ಹಿಂದೆ ಬಾಬಾಸಾಹೇಬರ ಕಣ್ಣ ಮುಂದೆ ಆದದ್ದೂ ಇದೇ. 1923ರಲ್ಲಿ ಎಸ್. ಕೆ. ಬೋಲೆಯವರು ಮುಂಬೈ ಶಾಸನ ಸಭೆಯಲ್ಲಿ ಒಂದು ಠರಾವು ತಂದರು. ಸಾರ್ವಜನಿಕ ದುಡ್ಡಿನ ಕೆರೆ, ಬಾವಿಗಳನ್ನು ಅಸ್ಪೃಶ್ಯರೂ ಬಳಸಬಹುದು ಅಂತ. ಅದನ್ನು ಅನುಸರಿಸಿ ಮಹಾಡ್ ಪುರಸಭೆ 1924ರಲ್ಲಿ ತನ್ನ ಚವದಾರ್ ಕೆರೆ ಎಲ್ಲರಿಗೂ ಮುಕ್ತ ಅಂತ ಠರಾವು ಮಾಡಿತು. ಒಳ್ಳೆ ಠರಾವು. ಪುಸ್ತಕದಲ್ಲಿ ಚೆಂದಾಗಿತ್ತು. ಮೂರು ವರ್ಷ ಒಬ್ಬ ಅಸ್ಪೃಶ್ಯನೂ ಆ ನೀರು ಮುಟ್ಟಲಾಗಲಿಲ್ಲ. ಠರಾವು ಪುರಸಭೆಯ ಕಪಾಟಿನಲ್ಲಿತ್ತು, ನೀರು ಕೆರೆಯಲ್ಲಿತ್ತು, ನಡುವೆ ಊರಿತ್ತು. 1927ರ ಮಾರ್ಚ್ 20ರಂದು ಅಂಬೇಡ್ಕರ್ ಸಾವಿರಾರು ಜನರ ಜೊತೆ ನಡೆದು ಹೋಗಿ ಬೊಗಸೆಯಲ್ಲಿ ನೀರು ಎತ್ತಿ ಕುಡಿದರು. ಅವತ್ತೇ ಜಾತಿಯವರು ದೊಣ್ಣೆ ಹಿಡಿದು ಬಿದ್ದರು. ಅದೇ ವರ್ಷ ಆಗಸ್ಟಿನಲ್ಲಿ ಪುರಸಭೆ ತನ್ನ ಠರಾವನ್ನೇ ವಾಪಸ್ಸು ತಗೊಂಡಿತು! ಕಪಾಟಿನಲ್ಲಿದ್ದಷ್ಟು ದಿನ ಆ ಠರಾವು ಯಾರಿಗೂ ತೊಂದರೆ ಕೊಟ್ಟಿರಲಿಲ್ಲ. ನಮ್ಮವರು ಅದನ್ನು ನಂಬಿ ನಡೆದ ದಿನ ತೊಂದರೆಯಾಯಿತು. ಕೋರ್ಟು ಕಚೇರಿ ಅಂತ ಹತ್ತು ವರ್ಷ ಎಳೆದು 1937ರಲ್ಲಿ ಮುಂಬೈ ಹೈಕೋರ್ಟು ನಮ್ಮ ಪರ ತೀರ್ಪು ಕೊಟ್ಟಿತು.

ಪಾಠ ಏನು? ಠರಾವು ಬೇಡ ಅಂತಲ್ಲ. ಠರಾವು ಇಲ್ಲದಿದ್ದರೆ ಆ ನಡಿಗೆಗೆ ಆಧಾರ ಎಲ್ಲಿತ್ತು? ನಡಿಗೆ ಇಲ್ಲದಿದ್ದರೆ ಠರಾವಿಗೆ ಬೆಲೆ ಎಲ್ಲಿತ್ತು? ಎರಡೂ ಬೇಕು. ಪಂಚಾಯ್ತಿ ಬರೆದದ್ದನ್ನು ನಾವು ಓದಬೇಕು. ಓದಿದ್ದನ್ನು ನಡೆದು ಹೋಗಿ ಕೇಳಬೇಕು.

ಬಾಬಾಸಾಹೇಬರಿಗೆ ಊರ ಪಂಚಾಯ್ತಿಯ ಮೇಲೆ ಕುರುಡು ನಂಬಿಕೆ ಇರಲಿಲ್ಲ. 1932ರಲ್ಲಿ ಮುಂಬೈ ಶಾಸನ ಸಭೆಗೆ ಗ್ರಾಮ ಪಂಚಾಯ್ತಿ ಮಸೂದೆ ಬಂದಾಗ, ನಮ್ಮವರಿಗೆ ಮೀಸಲು ಸ್ಥಾನ ಇಲ್ಲದ ಪಂಚಾಯ್ತಿ ಬೇಡ ಅಂತ ಖಂಡಿತ ಮಾಡಿ ಹೇಳಿದರು. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ, ಹಳ್ಳಿಯನ್ನು ಹೊಗಳುವವರ ಮುಂದೆಯೇ ಹಳ್ಳಿಯ ಕೊಳೆ ತೆಗೆದು ತೋರಿಸಿದರು. ಅವರ ಆ ಅನುಮಾನದ ಫಲವೇ ಇವತ್ತಿನ ಮೀಸಲು ಸ್ಥಾನಗಳು. ಆದ್ದರಿಂದ ಪಂಚಾಯ್ತಿಯನ್ನು ಪೂಜೆ ಮಾಡುವುದೂ ಬೇಡ, ಅದು ಅವರದು ಅಂತ ಬಿಟ್ಟು ಬರುವುದೂ ಬೇಡ. ಅನುಮಾನ ಇಟ್ಟುಕೊಂಡೇ ಒಳಗೆ ಹೋಗಿ ಕೂರೋಣ.

ಈಗ ನಮ್ಮ ಕಡೆಯ ಮಾತು. ಬೇರೆಯವರನ್ನು ಬೈದು ಕೈ ತೊಳೆದುಕೊಳ್ಳುವ ಪತ್ರಿಕೆ ಇದಲ್ಲ.

"ನಾವು ಕರೀತೀವಿ ಕಣ್ರೀ, ನಿಮ್ಮ ಜನಾನೇ ಬರಲ್ಲ" ಅಂತ ಒಬ್ಬ ಪಿಡಿಒ ನಮ್ಮ ಮುಖಕ್ಕೇ ಹೇಳಿದರು. ಅವರು ಕೆಟ್ಟವರಲ್ಲ. ಒಂದು ಸಲ ಕೇರಿಯಲ್ಲೇ ಸಭೆ ಇಟ್ಟು ಕಾದವರು. ಅವತ್ತು ಬಂದವರು ಏಳು ಜನ. ನಾವು ಕೇರಿಗೆ ಹೋಗಿ ಯಾಕೆ ಬರಲಿಲ್ಲ ಅಂತ ಕೇಳಿದೆವು. ಒಬ್ಬ ಅಣ್ಣ ಹೇಳಿದ್ದು ಇದು: "ಸಭೇಲಿ ನಾನು ಬಾಯಿ ಬಿಟ್ರೆ ಗೌಡ್ರಿಗೆ ಗೊತ್ತಾಗುತ್ತೆ. ನಾಳೆ ಅವರ ತೋಟದ ಕೂಲಿ ತಪ್ಪುತ್ತೆ. ಪಂಚಾಯ್ತಿ ಕೊಡೋ ಮನೆ ಮೂರು ವರ್ಷಕ್ಕೆ ಬರುತ್ತೋ ಇಲ್ವೋ. ಕೂಲಿ ದಿನಾ ಬೇಕಲ್ಲಪ್ಪ."

ಈ ಮಾತಿಗೆ ನಮ್ಮಲ್ಲಿ ತಕ್ಷಣ ಉತ್ತರ ಇರಲಿಲ್ಲ. ಹಾಸ್ಟೆಲಿನಲ್ಲಿ ಕೂತು "ಜನ ಜಾಗೃತರಾಗಬೇಕು" ಅಂತ ಬರೆಯುವುದು ಸುಲಭ. ಬೆಳಿಗ್ಗೆ ಕೂಲಿಗೆ ಹೋಗುವವನು ಒಬ್ಬನೇ ಎದ್ದು ನಿಂತು ಲೆಕ್ಕ ಕೇಳಿದರೆ, ಸಂಜೆ ಅವನ ಒಲೆಗೆ ಲೆಕ್ಕ ಹತ್ತುತ್ತೆ. ಆದ್ದರಿಂದ ಅಪ್ಪ ಅವ್ವಂದಿರನ್ನು ಒಂಟಿಯಾಗಿ ಮುಂದೆ ತಳ್ಳಬೇಡಿ. ಅವರ ಪರವಾಗಿ ಮಾತಾಡಲು ಯಾರ ತೋಟದ ಕೂಲಿಯೂ ಅಲ್ಲದವರು ಬೇಕು. ಅವರು ಯಾರು? ನೀವು. ತಿಂಗಳು ತಿಂಗಳು ಹಾಸ್ಟೆಲಿನ ಅನ್ನ ತಿನ್ನುವ ನಿಮ್ಮ ತಟ್ಟೆಗೆ ಊರ ಗೌಡ ಕೈ ಹಾಕಲಾರ. ಆ ಅನ್ನದ ಋಣ ಸರ್ಕಾರದ್ದಲ್ಲ, ಅದಕ್ಕಾಗಿ ಬೀದಿಗಿಳಿದ ಹಿರಿಯರದು. ಅದನ್ನು ತೀರಿಸುವ ಜಾಗ ಇದು.

ಮೀಸಲು ಸ್ಥಾನದಲ್ಲಿ ಗೆದ್ದು ಕೂತ ನಮ್ಮವರಿಗೂ ಒಂದು ಮಾತು. ಕೆಲವು ಕಡೆ ನಮ್ಮ ಅಕ್ಕ ಅಧ್ಯಕ್ಷೆ, ಕುರ್ಚಿಯಲ್ಲಿ ಗಂಡ. ಕೆಲವು ಕಡೆ ನಮ್ಮ ಅಣ್ಣ ಸದಸ್ಯ, ಅವನ ಮೊಹರು ಗೌಡರ ಜೇಬಿನಲ್ಲಿ. ಇಂಥವರು ಕೇರಿಗೆ ಬಂದು ಪಂಚಾಯ್ತಿ ಮಾತು ಹೇಳುತ್ತಾರೆ, ಕೇರಿಯ ಮಾತನ್ನು ಪಂಚಾಯ್ತಿಗೆ ಒಯ್ಯುವುದಿಲ್ಲ. ಹಾಗಾದರೆ ಅವರಿಗೂ ತಾತನಿಗೂ ವ್ಯತ್ಯಾಸವೇನು? ತಾತನ ಕೈಯಲ್ಲಿ ತಮಟೆ ಇತ್ತು, ಇವರ ಕೈಯಲ್ಲಿ ಮೊಬೈಲ್ ಇದೆ. ತಾತನಿಗೆ ಬೇರೆ ದಾರಿ ಇರಲಿಲ್ಲ. ಇವರಿಗೆ ಇದೆ.

ಹಾಗಾದರೆ ಮಾಡುವುದೇನು? ಭಾಷಣ ಬೇಡ. ದಸರಾ ರಜೆಗೋ ಬೇಸಿಗೆ ರಜೆಗೋ ಊರಿಗೆ ಹೋಗುತ್ತೀರಲ್ಲ, ಆಗ ಮಾಡುವ ಕೆಲಸ ಹೇಳುತ್ತೇವೆ.

ಒಂದು. ಹೋದ ವಾರದಲ್ಲೇ ಪಂಚಾಯ್ತಿ ಕಚೇರಿಗೆ ಹೋಗಿ. ನೋಟೀಸ್ ಬೋರ್ಡು ಓದಿ. ನಿಮ್ಮ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಸಂಜೆ ಕೇರಿಯ ಕಟ್ಟೆಯ ಮೇಲೆ ಕೂತು ಮನೆ ಮಾತಿನಲ್ಲಿ ಓದಿ ಹೇಳಿ. ‘ಉಲ್ಲೇಖಿತ ಸುತ್ತೋಲೆಯನ್ವಯ’ ಬೇಡ. "ಅವ್ವಾ, ಸೈಟಿಗೆ ಅರ್ಜಿ ಹಾಕೋಕೆ ಇನ್ನು ಹತ್ತು ದಿನ ಇದೆ" ಅಂತ ಹೇಳಿ.

ಎರಡು. ಸಭೆ ಯಾವತ್ತು, ಎಷ್ಟು ಹೊತ್ತಿಗೆ, ಎಲ್ಲಿ ಅಂತ ಮುಂಚೆಯೇ ಬರೆದು ಕೇಳಿ. ಕೂಲಿ ಬಿಟ್ಟ ಮೇಲಿನ ಹೊತ್ತು ಅಥವಾ ರಜೆ ದಿನ ಇಡಿ ಅಂತ ಅರ್ಜಿ ಕೊಡಿ. ದೇವಸ್ಥಾನದಲ್ಲಿ ಬೇಡ, ಶಾಲೆಯಲ್ಲಿ ಇಡಿ ಅಂತ ಬರೆಯಿರಿ. ಅರ್ಜಿಯ ಇನ್ನೊಂದು ಪ್ರತಿಗೆ ಸೀಲು, ಸಹಿ ಹಾಕಿಸಿಕೊಳ್ಳಿ. ಬಾಯಿ ಮಾತು ಗಾಳಿಗೆ ಹೋಗುತ್ತೆ, ಸೀಲು ಇದ್ದ ಕಾಗದ ಉಳಿಯುತ್ತೆ.

ಮೂರು. ಸಭೆಗೆ ಮುಂಚೆ ಕೇರಿಯಲ್ಲೇ ಒಂದು ಸಭೆ ಮಾಡಿ. ಹೆಂಗಸರನ್ನು ಮೊದಲು ಕೇಳಿ. ನೀರು ಎಲ್ಲಿಂದ ಹೊರುತ್ತಾರೆ, ಕತ್ತಲಲ್ಲಿ ಎಲ್ಲಿಗೆ ನಡೆಯುತ್ತಾರೆ ಅನ್ನುವುದು ಅವರಿಗೇ ಗೊತ್ತು. ಮೂರೇ ಮೂರು ಬೇಡಿಕೆ ಆರಿಸಿ. ಮೂವತ್ತು ಬರೆದರೆ ಒಂದೂ ಆಗುವುದಿಲ್ಲ. ಹತ್ತು ಜನ ಒಟ್ಟಿಗೆ ಹೋಗಿ. ಒಬ್ಬರು ಓದಿ, ಒಂಬತ್ತು ಜನ ಪಕ್ಕದಲ್ಲಿ ನಿಲ್ಲಿ.

ನಾಲ್ಕು. ನಡವಳಿ ಪುಸ್ತಕಕ್ಕೆ ಸಹಿ ಹಾಕುವ ಮುಂಚೆ ಓದಿ. ಖಾಲಿ ಹಾಳೆಗೆ ಹೆಬ್ಬೆಟ್ಟು ಬೇಡವೇ ಬೇಡ ಅಂತ ಅಪ್ಪ ಅವ್ವನಿಗೆ ತಿಳಿಸಿ ಹೇಳಿ. ಹೋಗದ ಸಭೆಗೆ ಒತ್ತಿದ ಹೆಬ್ಬೆಟ್ಟು, ನಮ್ಮ ಮನೆಯನ್ನು ನಾವೇ ಬೇರೆಯವರ ಹೆಸರಿಗೆ ಬರೆದುಕೊಟ್ಟ ಹಾಗೆ.

ಐದು. ವರ್ಷಕ್ಕೊಮ್ಮೆ ಗ್ರಾಮ ಪಂಚಾಯ್ತಿಯ ಜಮಾಬಂದಿ ನಡೆಯುತ್ತೆ. ಅವತ್ತು ಲೆಕ್ಕ ತೆರೆದಿಡಬೇಕು. ಹೋಗಿ ನೋಡಿ. ಪಟ್ಟಣದಲ್ಲಿದ್ದರೆ 24.10ರ ದುಡ್ಡು ಎಷ್ಟು ಬಂತು, ಎಲ್ಲಿ ಖರ್ಚಾಯಿತು ಅಂತ ಕೇಳಿ. ಹೇಳದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆ ಇದೆ. ಹತ್ತು ರೂಪಾಯಿ ಅರ್ಜಿ, ಮೂವತ್ತು ದಿನದೊಳಗೆ ಉತ್ತರ ಕೊಡಬೇಕು. ಬಡತನ ರೇಖೆ ಕೆಳಗಿನವರಿಗೆ ಆ ಹತ್ತು ರೂಪಾಯಿಯೂ ಇಲ್ಲ. ಒಂದು ಟೀ, ಒಂದು ಬನ್ನಿನ ದುಡ್ಡಿನಲ್ಲಿ ಒಂದು ಕಚೇರಿಯ ಬಾಯಿ ಬಿಡಿಸಬಹುದು.

ಇದರಿಂದ ಕ್ರಾಂತಿ ಆಗಿಬಿಡುತ್ತೆ ಅಂತ ನಾವು ಹೇಳುವುದಿಲ್ಲ. ಮೋರಿ ಒಂದು ಸರಿಯಾಗಬಹುದು. ಒಬ್ಬ ವಿಧವೆ ಅಕ್ಕನಿಗೆ ಮನೆ ಸಿಗಬಹುದು. ಆದರೆ ಅದಕ್ಕಿಂತ ದೊಡ್ಡದೊಂದು ಆಗುತ್ತೆ. ತಲೆತಲಾಂತರದಿಂದ ಊರ ಮಾತು ಕೇರಿಗೆ ಇಳಿದು ಬಂದ ದಾರಿಯಲ್ಲಿ, ಮೊದಲ ಸಲ ಕೇರಿಯ ಮಾತು ಊರಿಗೆ ಹತ್ತಿ ಹೋಗುತ್ತೆ. ಆ ದಾರಿ ಒಂದು ಸಲ ಸವೆದರೆ ಮತ್ತೆ ಮುಚ್ಚುವುದು ಕಷ್ಟ.

ತಾತನ ತಮಟೆ ಏನು ಮಾಡೋಣ ಅಂತ ನಮ್ಮೊಳಗೇ ಜಗಳ ಆಯಿತು. ಗುಲಾಮಗಿರಿಯ ಗುರುತು, ಸುಡೋಣ ಅಂತ ಕೆಲವರು. ಅದು ನಮ್ಮದೇ ಚರ್ಮ, ನಮ್ಮದೇ ಕೈ, ನಮ್ಮದೇ ದನಿ, ಯಾಕೆ ಸುಡಬೇಕು ಅಂತ ಕೆಲವರು. ಕೊನೆಗೆ ಹೀಗೆ ಒಪ್ಪಿಕೊಂಡೆವು. ಇನ್ನು ಮೇಲೆ ಆ ತಮಟೆ ಯಾರ ಅಪ್ಪಣೆಗೂ ಏಳುವುದಿಲ್ಲ, ಬಿಟ್ಟಿಗೂ ಏಳುವುದಿಲ್ಲ. ಕೇರಿ ತನ್ನ ಸಭೆ ತಾನೇ ಕರೆದ ದಿನ ಮಾತ್ರ ಏಳುತ್ತೆ. ಮುಂದಿನ ವಾರ್ಡ್ ಸಭೆಯ ಹಿಂದಿನ ಸಂಜೆ ತಾತನ ಮೊಮ್ಮಗ ಅದನ್ನು ಕಾಯಿಸಿ ಹೊಡೆಯುತ್ತಾನೆ. ಕೂಗುವ ಮಾತೂ ಬರೆದಿಟ್ಟಿದ್ದೇವೆ. ಅದರಲ್ಲಿ ‘ಅಂತೆ’ ಇಲ್ಲ.

"ಕೇಳ್ರಪ್ಪೋ ಕೇಳ್ರಿ... ನಾಳೆ ಸಂಜೆ ಶಾಲೆ ತಾವ ಸಭೆ ಐತೆ... ನಾವೂ ಬರ್ತೀವಿ... ನಮಗೂ ಲೆಕ್ಕ ಬೇಕು..."

ಗೆಳೆಯರೆ, ನಿಮ್ಮೂರಲ್ಲಿ ಆ ಮಾತು ಯಾವಾಗ ಕೂಗುತ್ತೀರಿ? ರಜೆ ಮುಗಿಸಿ ಬಂದ ಮೇಲೆ ಬರೆದು ಕಳಿಸಿ. ಏನೂ ಆಗಲಿಲ್ಲ ಅಂದರೂ ಯಾಕೆ ಆಗಲಿಲ್ಲ ಅಂತ ಬರೆಯಿರಿ. ಅದನ್ನೂ ಅಚ್ಚು ಹಾಕುತ್ತೇವೆ.

ಜೈ ಭೀಮ್.